ಕರೆಗಂಟೆ ಒತ್ತಿದ ಮೇಲೆ

ಕೆಲಸ ಮಾಡುತ್ತದೆಯೋ ಇಲ್ಲವೋ ನೋಡೋಣವೆಂದು, ತಪಾಸಣೆಗೆ ಬಂದಿದ್ದ ಸರ್ಕಾರಿ ಅಧಿಕಾರಿಣಿ ಮಂಚದ ಪಕ್ಕದ ಕರೆಗಂಟೆ ಒತ್ತಿದಳು. ಕೂಡಲೇ ಮಲಗಿದ್ದ ಅಜ್ಜಿ ಹೊದಿಕೆಯೊಳಗಿಂದ ಎರಡೂ ಕೈ ತೆಗೆದು, ಜೋಡಿಸಿ, ಬಾಗಿಲಿನ ಕಡೆಗೆ ಚಾಚಿದಳು.

"ನೋಡಿ ಮೇಡಂ, ನಮಸ್ಕಾರ ಮಾಡ್ತಿದ್ದಾರೆ," ವೃದ್ಧಾಶ್ರಮದ ಮ್ಯಾನೇಜರ್ ನಕ್ಕ. "ಗಂಟೆ ಒತ್ತಿದ್ರೆ ಸಾಕು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಯಾ ಹಾಜರ್."

ಹೇಳಿದಂತೆಯೇ ಆಯಾ ಓಡಿಬಂದಳು. ಆದರೆ ನಮಸ್ಕಾರವೆಂದರೆ ಅಂಗೈಗಳು ಸೇರಬೇಕಲ್ಲ. ಅಜ್ಜಿಯ ಮಣಿಕಟ್ಟುಗಳಷ್ಟೇ ಒಂದಕ್ಕೊಂದು ಅಂಟಿಕೊಂಡಿದ್ದವು. ಅಧಿಕಾರಿಣಿ ಬಗ್ಗಿದಾಗ ಅಜ್ಜಿ ಪಿಸುಗುಟ್ಟಿದಳು: "ನಾನು ಒತ್ತಿಲ್ಲ ಮಗಳೇ. ಆದ್ರೂ ಕಟ್ಟೋದೇ ಆದ್ರೆ, ಇವತ್ತು ಸ್ವಲ್ಪ ಸಡಿಲವಾಗಿ ಕಟ್ಟು ಅಂತ ಅವಳಿಗೆ ಹೇಳು."

"ಅರಳು ಮರಳು ಮೇಡಂ," ಎಂದ ಮ್ಯಾನೇಜರ್. "ಬನ್ನಿ, ಕಾಫಿ ಆರಿಹೋಗುತ್ತೆ."

ಅಧಿಕಾರಿಣಿ ತಲೆಯೆತ್ತಿ ಸಾಲು ಮಂಚಗಳತ್ತ ನೋಡಿದಳು. ಗಂಟೆಯ ಸದ್ದಿಗೆ ಎಲ್ಲರ ಕೈಗಳೂ ಹೊದಿಕೆಯಿಂದ ಹೊರಬಂದಿದ್ದವು. "ಇಷ್ಟೂ ಜನಕ್ಕೆ ಅರಳು ಮರಳಾ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ, ಹೊರಗಿದ್ದ ಡ್ರೈವರ್‌ಗೆ ಫೋನ್ ಮಾಡಿ ಪೊಲೀಸರನ್ನು ಕರೆತರಲು ಹೇಳಿದಳು. ಆಮೇಲೆ ಒಬ್ಬೊಬ್ಬರ ಬಳಿ ಹೋಗಿ ಕೈಗಳನ್ನು ಮೆಲ್ಲಗೆ ಬಿಡಿಸಿ ಹೊದಿಕೆಯೊಳಗೆ ಇಡುತ್ತ ಬಂದಳು. ಕೊನೆಯ ಮಂಚದಾಕೆ ಸಣ್ಣಗೆ ಗೊರಕೆ ಹೊಡೆಯುತ್ತ ಗಾಢ ನಿದ್ದೆಯಲ್ಲಿದ್ದಳು. ಅವಳ ಕೈಗಳು ಮಾತ್ರ ಎಷ್ಟು ಸಲ ಬಿಡಿಸಿದರೂ ಮತ್ತೆ ಬಂದು ಕೂಡಿಕೊಳ್ಳುತ್ತಿದ್ದವು.