ಅಡ್ಡ ನಿಲ್ಲುವವನು

ನಂದನ್ ಮತ್ತೆ ನೆಲಕ್ಕೆ ಬಿದ್ದ. ಎದುರಾಳಿ ತಂಡದ ಇಬ್ಬರು ದಢೂತಿ ಆಟಗಾರರು ಅವನ ಮೇಲಿಂದ ಎದ್ದು, ಪರಸ್ಪರ ಕೈ ತಟ್ಟಿಕೊಂಡು ಹಿಂದೆ ಸರಿದರು. ಜಪಾನಿನ ಕವಾಸಾಕಿಯ ಸ್ಟೇಡಿಯಂನಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದ ಅವನ ತಾಯಿ ವಿಜಯಾ, ಪಕ್ಕದಲ್ಲಿದ್ದ ತಮ್ಮ ಮಧುಕರನ ಕಡೆ ತಿರುಗಿದಳು.

“ನೋಡಿದ್ಯೇನೋ? ನಿಮ್ಮ ಕಮಿಟಿಯ ಘನಂದಾರಿ ಕೆಲಸ!”

“ಅಕ್ಕಾ, ಪ್ಲೀಸ್, ಸ್ವಲ್ಪ ಮೆತ್ತಗೆ. ಆಫೀಸಿನವರೆಲ್ಲ ಹಿಂದೆ ಕೂತಿದ್ದಾರೆ.”

“ಕೂತಿರ್ಲಿ. ಕನ್ನಡ ಬರೋದಿಲ್ವಲ್ಲ ಅವರಿಗೆ. ಬಂದಿದ್ರೆ ಇನ್ನೂ ಜೋರಾಗಿ ಹೇಳ್ತಿದ್ದೆ.”

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವವನ ಮುಂದೆ ಐದು ಜನ ಗೋಡೆಯಂತೆ ನಿಲ್ಲುತ್ತಾರೆ. ಅವರು ಚೆಂಡು ಹಿಡಿದು ಓಡುವವರಲ್ಲ, ಪಾಯಿಂಟ್ ತರುವವರಲ್ಲ. ಮೈಮೇಲೆ ಬರುವವರನ್ನು ತಡೆಯುವುದಷ್ಟೇ ಅವರ ಕೆಲಸ. ಮಧುಕರ್ ಕೆಲಸ ಮಾಡುವ ಕಂಪನಿಯ ತಂಡದಲ್ಲಿ ಚೆಂಡು ಎಸೆಯುವವನು ನಂದನ್. ಅವನ ಮುಂದಿನ ಗೋಡೆಯಲ್ಲಿ ಹೋದ ವರ್ಷದವರೆಗೂ ಎಲ್ಲರಿಗಿಂತ ಹಿರಿಯನಾಗಿ ನಿಂತಿದ್ದವನು ಕುಮಗಾಯ್. ಈ ಬೇಸಿಗೆಯಲ್ಲಿ ತಂಡದ ಸಮಿತಿ ಅವನನ್ನು ಬೇರೊಂದು ಕಂಪನಿಯ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಜಿಂಕೆಯಂತೆ ಓಡುವ ಹುಡುಗನೊಬ್ಬನನ್ನು ತಂದಿತ್ತು. ಸಮಿತಿಯಲ್ಲಿ ಅದಕ್ಕೆ ಕೈಯೆತ್ತಿದವರಲ್ಲಿ ಮಧುಕರನೂ ಒಬ್ಬ. ಇವತ್ತಿನ ಎದುರಾಳಿ ಅದೇ ತಂಡ. ಆಚೆ ಬದಿಯ ಬೆಂಚಿನಲ್ಲಿ, ಹಳದಿ ಜರ್ಸಿ ತೊಟ್ಟು, ಹೆಲ್ಮೆಟ್ ಕಳಚಿ ಕುಳಿತಿದ್ದ ಕುಮಗಾಯ್ ಇಲ್ಲಿಂದಲೇ ಕಾಣುತ್ತಿದ್ದ.

“ಅವನಿದ್ದಾಗ್ಲೂ ನಾವು ಸೋತಿದೀವಿ ಅಕ್ಕಾ. ಮಂಡಿ ಹೋಗಿದೆ, ವಯಸ್ಸಾಗಿದೆ. ಆ ಹೊಸ ಹುಡುಗ ಎಂಥಾ ರನ್ನರ್ ಗೊತ್ತಾ? ಒಂದು ಸಲ ಚೆಂಡು ಸಿಕ್ರೆ ಸಾಕು, ಯಾರಿಗೂ ಸಿಗಲ್ಲ.”

“ಸಿಗೋದು ಹೇಗೆ? ಚೆಂಡು ಕೈ ಬಿಡೋ ಮುಂಚೆನೇ ನನ್ನ ಮಗ ಅಂಗಾತ ಬಿದ್ದಿರ್ತಾನೆ. ಆ ಜಿಂಕೆ ಅಲ್ಲಿ ಒಬ್ಬನೇ ಓಡಿ ಓಡಿ ವಾಪಸ್ ಬರ್ತಿದೆ!”

“ಅವನ ಜಾಗದಲ್ಲಿ ಲೈನಲ್ಲಿ ನಿಂತಿರೋ ಹೊಸಬರು ಸೆಟ್ ಆಗೋಕೆ ಟೈಮ್ ಬೇಕು.”

“ಅಲ್ಲೀತನಕ ಇವನ ಪಕ್ಕೆಲುಬು ಇರ್ಬೇಕಲ್ಲ?”

ಮಧುಕರ್ ಮೈದಾನದ ಕಡೆ ತಿರುಗಿದ. ಆದರೆ ವಿಜಯಾಗೆ ಹೇಳುವುದು ಮುಗಿದಿರಲಿಲ್ಲ. ತಂಡ ಬಿಡುವ ಮುಂಚೆ ಕುಮಗಾಯ್ ಉರಯಾಸುವಿನ ಅವಳ ಮನೆಗೆ ಬಂದಿದ್ದ. ಒಳಗೆ ಬನ್ನಿ ಎಂದರೂ ಬಾರದೆ, ಬಾಗಿಲಲ್ಲೇ ಸೊಂಟ ಬಗ್ಗಿಸಿ ನಿಂತು, ಇನ್ನು ಮುಂದೆ ನಿಮ್ಮ ಮಗನನ್ನು ನೋಡಿಕೊಳ್ಳಲು ಆಗುವುದಿಲ್ಲ, ಕ್ಷಮಿಸಿ ಎಂದಿದ್ದ.

“ಕ್ಷಮೆ ಅವನು ಕೇಳಿದ ಕಣೋ ಮಧು! ಕಳಿಸಿದ ನೀವು ಯಾರಾದ್ರೂ ಒಬ್ರು ಅವನಿಗೆ ಸುಮಿಮಾಸೆನ್ ಅಂದ್ರಾ? ಊಟ ಮಾಡ್ತಾ ಕೂತಿದ್ದವನಿಗೆ ಕ್ಯಾಂಟೀನಲ್ಲಿ ಸುದ್ದಿ ಮುಟ್ಸಿದ್ರಂತೆ. ನಮ್ಮ ನಂದನ್ ಹೇಳ್ದ.”

“ಅದು ನನ್ನ ಕೈಲಿರ್ಲಿಲ್ಲ.”

“ಎತ್ತಿದ್ದು ನಿನ್ನ ಕೈಯೇ ತಾನೇ?”

ಅಷ್ಟರಲ್ಲಿ ಮೈದಾನದಲ್ಲಿ ಗೋಡೆ ಮತ್ತೆ ಒಡೆಯಿತು. ಎಡಗಡೆಯಿಂದ ನುಗ್ಗಿದವನ ಭುಜ ನಂದನ್‌ನ ಎದೆಗೆ ಬಡಿಯಿತು. ಅವನು ಹಿಮ್ಮುಖವಾಗಿ ಹಾರಿ, ತಲೆ ನೆಲಕ್ಕೆ ಹೊಡೆದು ಬಿದ್ದ. ಈ ಸಲ ಏಳಲಿಲ್ಲ. ರೆಫ್ರಿಯ ಸೀಟಿ ಕೇಳಿತು. ಅವನ ತಂಡದ ಹೊಸ ಹುಡುಗನೊಬ್ಬ ಗಾಬರಿಯಲ್ಲಿ ಅವನ ಎರಡೂ ಕೈ ಹಿಡಿದು ಎತ್ತಿ ಕೂರಿಸಲು ಜಗ್ಗತೊಡಗಿದ.

ಆಗ ಆಚೆಯ ಬೆಂಚಿನಿಂದ ಕುಮಗಾಯ್ ಓಡಿ ಬಂದ. ಒಂದು ಕಾಲು ಎಳೆಯುತ್ತ, ಬರಿತಲೆಯಲ್ಲಿ, ಅಡ್ಡ ಬಂದ ರೆಫ್ರಿಯನ್ನೂ ಬದಿಗೊತ್ತಿ ಬಂದ. ಜಗ್ಗುತ್ತಿದ್ದ ಹುಡುಗನನ್ನು ದೂಡಿ ಮಂಡಿಯೂರಿ ಕುಳಿತವನೇ, ನಂದನ್‌ನ ಹೆಲ್ಮೆಟ್ಟನ್ನು ಎರಡೂ ಅಂಗೈಗಳ ನಡುವೆ ಅಲ್ಲಾಡದಂತೆ ಹಿಡಿದ. “ಯಾರೂ ಮುಟ್ಟಬೇಡಿ! ಕುತ್ತಿಗೆ!” ಎಂದು ಜಪಾನಿಯಲ್ಲಿ ಕೂಗಿದ್ದು ಇಡೀ ಸ್ಟೇಡಿಯಂಗೆ ಕೇಳಿತು. ಅವನ ಪಕ್ಕದಲ್ಲೇ ತಪ್ಪಾಯಿತೆಂದು ಸೂಚಿಸಲು ರೆಫ್ರಿ ಎಸೆದ ಹಳದಿ ಬಟ್ಟೆಯೊಂದು ಬಂದು ಬಿತ್ತು. ಅವನು ಅತ್ತ ನೋಡಲೂ ಇಲ್ಲ.

ವಿಜಯಾ ಕಂಬಿಯ ಬಳಿಗೆ ಓಡಿ, ಎರಡೂ ಕೈಗಳಿಂದ ಅದನ್ನು ಹಿಡಿದು ನಿಂತಳು. ವೈದ್ಯರು ಬರುವವರೆಗೂ ಕುಮಗಾಯ್ ಹಿಡಿತ ಬಿಡಲಿಲ್ಲ. ತಗ್ಗಿದ ದನಿಯಲ್ಲಿ ಏನೋ ಹೇಳುತ್ತಲೇ ಇದ್ದ. ಕೊನೆಗೆ ನಂದನ್‌ನ ಬಲಗೈ ಬೆರಳುಗಳು ಒಂದೊಂದಾಗಿ ಮಡಚಿ ಬಿಚ್ಚಿಕೊಂಡವು. ಆಮೇಲೆ ಎಡಗೈ. ಆಮೇಲೆ ಕಾಲು. ಸ್ಟ್ರೆಚರ್ ಮೇಲೆ ಮಲಗಿಸಿದಾಗ ಅವನು ಅಮ್ಮ ಕೂರುವ ಕಡೆಗೆ ಕೈ ಎತ್ತಿ, “ಐ ಆಮ್ ಓಕೆ, ಅಮ್ಮಾ!” ಎಂದ. ಅವಳು ಆಗ ಅತ್ತಳು.

ರೆಫ್ರಿ ಮೈಕಿನಲ್ಲಿ ಏನೋ ಪ್ರಕಟಿಸಿದ. ಬೆನ್ನ ಹಿಂದೆ ಕಂಪನಿಯವರು ತಂಡವನ್ನು ಹುರಿದುಂಬಿಸಲು ತಂದಿದ್ದ ಪ್ಲಾಸ್ಟಿಕ್ ಕೋಲುಗಳು ಪಟಪಟ ಬಡಿದುಕೊಂಡವು.

“ಇವರಿಗೇನು ಬಂತೋ? ಯಾತಕ್ಕೆ ಈ ಖುಷಿ?” ಎಂದು ವಿಜಯಾ ಕಣ್ಣೊರೆಸಿಕೊಳ್ಳುತ್ತ ರೇಗಿದಳು.

ಅವಳ ಹಿಂದೆಯೇ ಬಂದು ನಿಂತಿದ್ದ ಮಧುಕರ್ ಮೈದಾನದತ್ತ ಬೊಟ್ಟು ಮಾಡಿದ. “ನಮಗೆ ಹದಿನೈದು ಗಜ ಮುಂದೆ ಹೋಗೋಕೆ ಸಿಕ್ತು ಅಕ್ಕಾ. ಕುಮಗಾಯ್ ಸಾನ್ ಮೈದಾನದ ಒಳಗೆ ನುಗ್ಗಿದ್ದಕ್ಕೆ ಅವನ ಟೀಮಿಗೆ ಪೆನಾಲ್ಟಿ.”

ಕೆಳಗೆ ಕುಮಗಾಯ್ ರೆಫ್ರಿಗೆ ತಲೆಬಾಗಿ, ಕುಂಟುತ್ತ ತನ್ನ ಬೆಂಚಿನತ್ತ ಹೊರಟಿದ್ದ.

“ಬೆಳಗ್ಗಿಂದ ನಿಮ್ಮ ಟೀಮು ಇಷ್ಟು ಮುಂದೆ ಹೋಗಿದ್ದು ಇದೇ ಮೊದಲಲ್ವೇನೋ ಮಧು?” ಎಂದಳು ವಿಜಯಾ. ಉತ್ತರಕ್ಕೆ ಕಾಯದೆ ಸ್ಟ್ರೆಚರ್ ಹೋದ ಬಾಗಿಲಿನತ್ತ ಓಡಿದಳು.

ಮಧುಕರ್ ಕಂಬಿ ಹಿಡಿದು ಅಲ್ಲೇ ನಿಂತ. ತಂಡ ಎಲ್ಲಿಯವರೆಗೆ ಮುಂದೆ ಬಂದಿದೆ ಎಂದು ತೋರಿಸುವ ಕಂಬಗಳನ್ನು ಹೊತ್ತವರು ಮೈದಾನದ ಅಂಚಿನಲ್ಲಿ ಹದಿನೈದು ಗಜ ಮುಂದಕ್ಕೆ ನಡೆಯುತ್ತಿದ್ದರು.