ಎರೆಹುಳದ ಸದ್ದು

ಕಿವಿ ಮಂದವಾಗಿದೆಯೆಂದು ಹೇಳಿಕೊಳ್ಳಲು ಮೇಷ್ಟರಿಗೆ ನಾಚಿಕೆ. ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮೇಜಿನ ಮೇಲೆ ದಪ್ಪ ಕಾಗದ ಹಾಸಿ ಎರೆಹುಳ ಬಿಟ್ಟರು. "ಮೈ ಉದ್ದ ಮಾಡಿ ಮುಂದಕ್ಕೆ ಚಾಚುತ್ತೆ. ಸಣ್ಣ ಬಿರುಗೂದಲು ಊರಿ, ಹಿಂಭಾಗ ಎಳ್ಕೊಳ್ಳುತ್ತೆ. ಕಿವಿಯಿಟ್ಟರೆ ಆ ಕೂದಲು ಕೆರೆಯೋ ಸದ್ದು ಕೇಳಿಸುತ್ತೆ, ಬನ್ನಿ."

ಮಕ್ಕಳು ಒಬ್ಬೊಬ್ಬರಾಗಿ ಬಗ್ಗಿ, "ಕೇಳಿಸ್ತು ಸಾರ್" ಎಂದರು.

ಕೊನೆಯ ಹುಡುಗಿ, "ನಂಗೇನೂ ಕೇಳಿಸ್ಲಿಲ್ಲ ಸಾರ್" ಎಂದಳು.

"ಕಿವಿ ಇರೋದು ಓಲೆ ಹಾಕ್ಕೊಳ್ಳೋಕೆ ಮಾತ್ರಾನಾ?"

ತರಗತಿ ನಕ್ಕಿತು. ಮೇಷ್ಟರು ತಾವೇ ಕಾಗದಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು. "ನೋಡು, ಪರಪರ ಅಂತ ಎಷ್ಟು ಚೆನ್ನಾಗಿ ಕೇಳಿಸ್ತಿದೆ."

ಕಣ್ಣು ತೆರೆದಾಗ ಯಾರೂ ನಗುತ್ತಿರಲಿಲ್ಲ. ಹುಡುಗಿ ತಲೆಯೆತ್ತದೆ, ಅವರ ಅಂಗಿಯ ತೋಳು ಹತ್ತಿದ್ದ ಹುಳವನ್ನು ಮೆಲ್ಲಗೆ ಬಿಡಿಸಿ ಮತ್ತೆ ಕಾಗದದ ಮೇಲಿಟ್ಟಳು.