ಅಡುಗೆಮನೆ ಬಾಗಿಲ ನೀಲಿ ಬಿಲ್ಲೆ

ಕಿಟಕಿಕಟ್ಟೆಯ ಮೇಲೆ ಆರಲಿಟ್ಟಿದ್ದ ಹರೋಸೆತ್ ಬೋಗುಣಿ ಅಲ್ಲಿರಲಿಲ್ಲ. ಬೋಗುಣಿ ಕಣ್ಣಿಗೆ ಕಾಣದೆ ಅಲ್ಲೇ ಎಲ್ಲೋ ಕೂತಿರಬಹುದು ಎಂಬಂತೆ ಮೆಸೋದಿ ಕಟ್ಟೆಯನ್ನು ಕೈಯಿಂದ ಸವರಿ ನೋಡಿದಳು. ಖರ್ಜೂರ, ಅಂಜೂರ, ಒಣದ್ರಾಕ್ಷಿಯನ್ನು ದ್ರಾಕ್ಷಾರಸದಲ್ಲಿ ಬೇಯಿಸಿ, ಅಕ್ರೋಟು ಬಾದಾಮಿ ಹಾಕಿ, ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟಿ ಕುಟ್ಟಿ ಅವಳ ತೋಳು ಬಿದ್ದುಹೋಗಿತ್ತು. ಸಂಜೆ ಯೆಹೂದಿಗಳ ಪೆಸಾಹ್ ಹಬ್ಬದ ಊಟ. ಹಬ್ಬದಲ್ಲಿ ಹುದುಗಿದ ರೊಟ್ಟಿ ಮನೆಯಲ್ಲಿರಬಾರದೆಂದು ಅದರ ಕೊನೆಯ ಚೂರನ್ನೂ ಬೆಳಿಗ್ಗೆ ಅಂಗಳದಲ್ಲಿ ಸುಟ್ಟಾಗಿತ್ತು. ಎಲ್ಲರ ಹೊಟ್ಟೆಯೂ ಖಾಲಿ, ಎಲ್ಲರ ನಾಲಿಗೆಯೂ ಹರಿತ.

ಅತ್ತೆ ಫ್ರೆಹಾ ರುಚಿ ನೋಡಲು ಇನ್ನೇನು ಮಹಡಿಯಿಂದ ಇಳಿದು ಬರುವವಳಿದ್ದಳು. ಮೆಸೋದಿ ಸೆಫ್ರು ಊರಿನ ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ಹಬ್ಬ ಕಳೆದಿತ್ತು. ಹನ್ನೊಂದು ಸಲವೂ ಅತ್ತೆ ಬೆರಳದ್ದಿ, ಕಣ್ಣು ಮುಚ್ಚಿ, ಚಪ್ಪರಿಸಿ, ಅದೇ ಮಾತು ಹೇಳಿದ್ದಳು: "ಮಿಠಾಯಿ ಚೆನ್ನಾಗಿದೆ ಕಣೇ. ಆದ್ರೆ ನಮ್ಮ ಹಿರಿಯರು ಈಜಿಪ್ಟಿನಲ್ಲಿ ಜೀತ ಮಾಡೋವಾಗ ಮಿಠಾಯಿ ಮೆತ್ತಿ ಗೋಡೆ ಕಟ್ಟಿದ್ರಾ? ಹರೋಸೆತ್ ಅಂದ್ರೆ ಆ ಗಾರೆಯ ನೆನಪು, ಗಾರೆ ಥರಾನೇ ಇರ್ಬೇಕು." ಆಮೇಲೆ ಅಂಗಿಯ ತೋಳು ಮಡಚಿ ತಾನೇ ಕುಟ್ಟಲು ಕೂರುತ್ತಿದ್ದಳು.

ಈ ವರ್ಷ ವಯಸ್ಸಾಗಿ ಅತ್ತೆಯ ಕೈ ನಡುಗತೊಡಗಿತ್ತು. ಮೆಸೋದಿಯದು ಈ ಸಲವೂ ಗಾರೆಯಾಗದಿದ್ದರೆ ಕುಟ್ಟಾಣಿ ಫೆಜ್‌ನಲ್ಲಿರುವ ಕಿರಿಸೊಸೆ ಪೆರ್ಲಾಳ ಪಾಲಿಗೆ ಎಂದು ಹೋದ ತಿಂಗಳೇ ಎಲ್ಲರೆದುರು ಸಾರಿಬಿಟ್ಟಿದ್ದಳು. ಪೆರ್ಲಾ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ಇಷ್ಟು ವರ್ಷ ಅತ್ತೆಯ ಮಗ್ಗುಲಲ್ಲಿ ಕೂತು ಬಾದಾಮಿ ಸಿಪ್ಪೆ ಸುಲಿದ ಮೆಸೋದಿ, ಇನ್ನು ಪೆರ್ಲಾಳ ಮಗ್ಗುಲಲ್ಲಿ ಕೂತು ಸುಲಿಯಬೇಕು. ಗಂಡನ ಹತ್ತಿರ ಹೇಳಿಕೊಂಡರೆ, ಒಂದು ಕುಟ್ಟಾಣಿಗೆ ಇಷ್ಟು ರಂಪವೇ, ಪೇಟೆಯಿಂದ ಬೇರೆ ತಂದುಕೊಡುತ್ತೇನೆ ಎಂದಿದ್ದ. ಗಂಡಸರಿಗೆ ಕುಟ್ಟಾಣಿ ಎಂದರೆ ಬರೀ ಹಿತ್ತಾಳೆ.

ಆಗ ಅವಳಿಗೆ ಕಣಜದ ಹುಳುಗಳು ಕಂಡವು. ಮೂರು ಕಣಜಗಳು ಅಂಗಳದಲ್ಲಿ ಮಾವ ಮಖ್ಲೂಫನ ನಿಲುವಂಗಿಯ ಹಿಂದೆ ಮದುವೆ ದಿಬ್ಬಣದ ಹಾಗೆ ಹೊರಟಿದ್ದವು. ಮಾವ ನಲವತ್ತು ವರ್ಷ ಊರಿನ ಗೋಡೆಗಳನ್ನೆಲ್ಲ ಎಬ್ಬಿಸಿದ ಗಾರೆಯವನು. ಈಗ ಕಣ್ಣಿಗೆ ಪೊರೆ ಬಂದಿತ್ತು. ನಶ್ಯ ಏರಿಸಿ ಏರಿಸಿ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಅವನ ಕೈಯಲ್ಲಿ ಕರಣೆ ಇತ್ತು. ಕಂಕುಳಲ್ಲಿ ಅವಳ ಬೋಗುಣಿ, ಬಳಿದು ಬಳಿದು ಖಾಲಿ ಮಾಡಿದ್ದು.

ನಿನ್ನೆ ಅವನು ಇಂಥದೇ ಬೋಗುಣಿಯಲ್ಲಿ ಗಾರೆ ಕಲಸಿ, ಇದೇ ಕಟ್ಟೆಯ ಮೇಲಿಟ್ಟು ಮರೆತಿದ್ದ. ಅದು ಕಲ್ಲಾಗಿದ್ದು ನೋಡಿ ಅತ್ತೆ ಬೈದುಕೊಂಡು ಬೋಗುಣಿ ಸಮೇತ ಹೊರಗೆಸೆದಿದ್ದಳು. ಅದನ್ನು ಮಾವನಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಅಡುಗೆಮನೆ ಬಾಗಿಲ ಪಕ್ಕ ಗೋಡೆಗೆ ಅಂಟಿಸಿದ ನೀಲಿ ಬಿಲ್ಲೆ ಅಲ್ಲಾಡತ್ತೆ, ಅಲ್ಲಾಡತ್ತೆ ಅಂತ ಅತ್ತೆ ಸೊಸೆ ಬಡ್ಕೋತಿದ್ರಲ್ಲ," ಎಂದ ಮಖ್ಲೂಫ್. "ಹೋಗಿ ನೋಡು. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ." ಪಕ್ಕದ ಬಿರುಕನ್ನೂ ಮೆತ್ತಿ ಮುಚ್ಚಿದ್ದನಂತೆ. ಜಲ್ಲಿ ಒಂಚೂರು ಹೆಚ್ಚಾಗಿತ್ತು, ಆದರೆ ಇಂಥ ಹದ ತನ್ನ ಪ್ರಾಯದಲ್ಲೂ ಕೂಡಿಬಂದಿರಲಿಲ್ಲ ಎಂದು ಹೇಳಿ, ಟೋಪಿ ತೆಗೆದು ಕಣಜಗಳನ್ನು ಓಡಿಸಿದ.

ಮೆಟ್ಟಿಲ ಮೇಲೆ ಅತ್ತೆಯ ಚಪ್ಪಲಿ ಸದ್ದಾಯಿತು. ಅಳಬೇಕೋ ನಗಬೇಕೋ ತಿಳಿಯದೆ ಮೆಸೋದಿಗೆ ಬಿಕ್ಕಳಿಕೆ ಶುರುವಾಯಿತು. ಹರೋಸೆತ್ ಎಲ್ಲಿ ಎಂದು ಅತ್ತೆ ಕೇಳಿದಳು. ಮೆಸೋದಿ ಬಿಕ್ಕಳಿಸುತ್ತಲೇ ಗೋಡೆ ತೋರಿಸಿದಳು.

ಫ್ರೆಹಾ ಗೋಡೆ ನೋಡಿದಳು, ಬೋಗುಣಿ ನೋಡಿದಳು, ಗಂಡನ ನಿಲುವಂಗಿಯನ್ನು ಮೂಸಿದಳು. ಬಿಲ್ಲೆಯ ಅಂಚಿಗೆ ಉಗುರು ಹಾಕಿ ಎಳೆದಳು. ಬರಲಿಲ್ಲ. ಚಾಕು ತಂದು ಮೀಟಿದಳು. ಚಾಕುವಿನ ತುದಿ ಬಾಗಿತೇ ಹೊರತು ಬಿಲ್ಲೆ ಮಿಸುಕಲಿಲ್ಲ. ಕೊನೆಗೆ ಗಂಡನತ್ತ ತಿರುಗಿ, ಇಷ್ಟು ವರ್ಷ ಗಾರೆ ಕಲಸಿದ ಕೈಗೂ ವ್ಯತ್ಯಾಸ ತಿಳಿಯಲಿಲ್ಲವೇ ಎಂದಳು. ಎಂಥ ವ್ಯತ್ಯಾಸ, ಗಾರೆ ಗಾರೆಯೇ, ಎಂದ ಮಖ್ಲೂಫ್.

ಫ್ರೆಹಾ ಬಾಗಿದ ಚಾಕುವನ್ನು ತುಸು ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು.

"ಖರ್ಜೂರ ಎಷ್ಟು ಉಳಿದಿದೆ?"

"ಎರಡು ಹಿಡಿ ಇರಬಹುದು, ಅತ್ತೆ."

"ಮತ್ತೆ ಕುಟ್ಟು. ಹೇಗೆ ಮಾಡಿದ್ಯೋ ಹಾಗೇ ಮಾಡು. ಹೊಸದಾಗಿ ಬುದ್ಧಿ ಓಡಿಸೋಕೆ ಹೋಗ್ಬೇಡ."

ಮಧ್ಯಾಹ್ನ ಪೆರ್ಲಾ ಬಂದಳು. ಬಂದವಳೇ ಕೈ ತೊಳೆದು, ಉಂಗುರ ಬಿಚ್ಚಿಟ್ಟು, ಕುಟ್ಟಾಣಿಯ ಮುಂದೆ ಕೂರಲು ಹೋದಳು. ಅದು ಮೆಸೋದಿಯ ಜಾಗ, ನೀನು ಬಾದಾಮಿ ಸುಲಿ ಎಂದಳು ಫ್ರೆಹಾ, ತಲೆ ಎತ್ತದೆ. ಮೆಸೋದಿಯ ಬಿಕ್ಕಳಿಕೆ ಆಗ ನಿಂತಿತು.

ದೀಪ ಹಚ್ಚುವ ಹೊತ್ತಿಗೆ ತಟ್ಟೆಗಳನ್ನು ಒಯ್ಯುತ್ತಿದ್ದ ಮೆಸೋದಿ ಅಡುಗೆಮನೆ ಬಾಗಿಲಲ್ಲಿ ಗಕ್ಕನೆ ನಿಂತಳು. ಹಬ್ಬದ ರೇಷ್ಮೆ ಉಡುಪು ತೊಟ್ಟ ಅತ್ತೆ ಗೋಡೆಯತ್ತ ಮುಖ ಮಾಡಿ, ಬಿಲ್ಲೆಗೆ ಮೂಗು ತಾಗುವಷ್ಟು ಬಾಗಿದ್ದಳು. ತಟ್ಟೆಗಳ ಸದ್ದಿಗೆ ಸರಕ್ಕನೆ ತಿರುಗಿದಳು.

"ಇರುವೆ ಹತ್ತಿದೆಯಾ ಅಂತ ನೋಡ್ತಿದ್ದೆ," ಎಂದಳು ಫ್ರೆಹಾ. ಅವಳ ಮೂಗಿನ ತುದಿಯಲ್ಲಿ ಗೋಡೆಯ ಸುಣ್ಣವಿತ್ತು, ತುಟಿಯಂಚಿನಲ್ಲಿ ಖರ್ಜೂರ.